ತಂತಿ ಬದಲಾದರೂ ವಿಳಾಸ ಉಳಿಯಬೇಕು
(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಸಾಮಾನ್ಯವಾಗಿ ಕಾವ್ಯ, ನಾಟಕ, ಇತಿಹಾಸಗಳನ್ನು ಕುರಿತು ಭಾಷಣಗಳು ನಡೆಯುತ್ತವೆ. ಇಂದು ನಾವು ಎತ್ತಿಕೊಂಡಿರುವ ವಿಷಯ ಅಷ್ಟು ರಮ್ಯವಾದುದಲ್ಲ. ಇಂಟರ್‌ನೆಟ್ ಕಂಪನಿಯನ್ನು ಬದಲಿಸಿದಾಗ ನಮ್ಮ ಇ-ಮೇಲ್ ವಿಳಾಸದ ಗತಿ ಏನು, ಹೊಸ ವಿಳಾಸವನ್ನು ಎಲ್ಲಿ ಮಾಡಿಕೊಳ್ಳಬೇಕು ಎಂಬುದೇ ಆ ವಿಷಯ. ಇದನ್ನು ಕುರಿತು ಮಾತನಾಡುವ ಅಧಿಕಾರ ನಮಗೆ ಪಾಂಡಿತ್ಯದಿಂದ ಬಂದುದಲ್ಲ. ತಪ್ಪು ಮಾಡಿದ್ದರಿಂದ ಬಂದುದು.

ಡೊಂಬಿವಲಿಯಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಹೊಸದಾಗಿ ಕಟ್ಟುವ ಕೆಲಸ ಎಲ್ಲೆಡೆಯೂ ನಡೆದಿದೆ. ನಮ್ಮ ವಾಚನಾಲಯವೂ ಆ ಕಾರಣದಿಂದಲೇ ಜಾಗ ಬದಲಿಸಬೇಕಾಯಿತು. ಹಳೆಯ ಕಂಪನಿಯ ತಂತಿ ಈ ಓಣಿಗೆ ಬರುತ್ತಿರಲಿಲ್ಲ. ಕೇಬಲ್‌ನವನು ಬೇರೊಂದು ಕಂಪನಿಯ ತಂತಿ ಎಳೆದುಕೊಟ್ಟನು. ವೇಗ ಹೆಚ್ಚು, ತಿಂಗಳ ಹಣ ಕಡಿಮೆ, ನಾವು ಸಂತೋಷಪಟ್ಟೆವು. ಹಳೆಯ ಕಂಪನಿಗೆ ಪತ್ರ ಬರೆದು, ಠೇವಣಿ ಹಿಂದಕ್ಕೆ ಪಡೆದು, ಖಾತೆ ಮುಚ್ಚಿಸಿದೆವು. ಸಂಘದ ಇ-ಮೇಲ್ ವಿಳಾಸವೂ ಆ ತಂತಿಯೊಡನೆಯೇ ಬಂದುದೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆ ವಿಳಾಸವಾದರೋ ನಮ್ಮ ರಸೀತಿಗಳ ಮೇಲೆ, ವಾರ್ತಾಪತ್ರದ ಕೊನೆಯ ಪುಟದಲ್ಲಿ, ವಿದ್ಯಾರ್ಥಿವೇತನದ ಪ್ರಕಟಣೆಯಲ್ಲಿ ಅಚ್ಚಾಗಿದ್ದಿತು.

ಕೆಲವು ವಾರಗಳ ಮೇಲೆ ಕಲ್ಯಾಣದಿಂದ ಒಬ್ಬರು ಬಂದರು, ವಿಜಯಪುರದ ಕಡೆಯವರು. "ಮಗಳ ಅರ್ಜಿ ಕಳಿಸಿ ತಿಂಗಳ ಮ್ಯಾಲಾತ್ರೀ. ಕೊಡ್ತೀವಿ ಅಂತನೂ ಇಲ್ಲ, ಕೊಡೂದಿಲ್ಲ ಅಂತನೂ ಇಲ್ಲ. ನಮ್ಮವರ ಸಂಘ, ಒಂದ್ ಉತ್ತರಾ ಬರೀಬಾರದೇನ್ರೀ?" ಎಂದರು. ಹುಡುಗಿ ಕೊನೆಯ ದಿನಾಂಕಕ್ಕೆ ಮೊದಲೇ ಅರ್ಜಿ ಕಳಿಸಿದ್ದಳು. ಕಂಪನಿಯವರು ಪೆಟ್ಟಿಗೆಗೆ ಬೀಗ ಹಾಕಿದ್ದರು, ಆದರೆ ಇನ್ನೂ ಕಿತ್ತುಹಾಕಿರಲಿಲ್ಲ. ಆದ್ದರಿಂದ ಪತ್ರ ಆಕೆಗೆ ಹಿಂದಿರುಗಲೂ ಇಲ್ಲ, ನಮಗೆ ತಲುಪಲೂ ಇಲ್ಲ. ಅಷ್ಟರಲ್ಲಿ ಆ ವರುಷದ ಹಣ ಹಂಚಿಹೋಗಿತ್ತು.

ಇದು ಏಕೆ ಹೀಗಾಯಿತು? ನಮ್ಮ ಹಿರಿಯರಲ್ಲಿ ಅನೇಕರು ಪರೇಲ್, ದಾದರ್‌ಗಳ ಚಾಳುಗಳನ್ನು ಬಿಟ್ಟು ಇಲ್ಲಿಗೆ ಬಂದವರು. ಬರುವಾಗ ಅಂಚೆ ಕಚೇರಿಗೆ ಒಂದು ಅರ್ಜಿ ಬರೆದುಕೊಟ್ಟರೆ ಹಳೆಯ ವಿಳಾಸದ ಕಾಗದಗಳು ಹೊಸ ಮನೆಗೆ ಬರುತ್ತಿದ್ದುವು. ಮೊಬೈಲ್ ಸಂಖ್ಯೆಗೂ ಅಂಥ ಅನುಕೂಲವಿದೆ. 2011ರ ಜನವರಿ 20ರಿಂದ ದೇಶದಲ್ಲೆಲ್ಲ, ಕಂಪನಿಯನ್ನು ಬಿಟ್ಟರೂ ಸಂಖ್ಯೆಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬಹುದಾಗಿದೆ. ಇ-ಮೇಲಿಗೆ ಇಂಥ ನಿಯಮವಿಲ್ಲ. ವಿಳಾಸದ ನಡುವೆ ಸುರುಳಿ ಸುತ್ತಿದ 'ಎ' ಅಕ್ಷರದಂಥ ಗುರುತಿದೆಯಷ್ಟೆ? ಅದರ ಹಿಂದಿನ ಹೆಸರು ನಮ್ಮದು; ಮುಂದಿನದು ಒಡೆಯನದು. ಒಡೆಯನನ್ನು ಬಿಟ್ಟರೆ ವಿಳಾಸವನ್ನೂ ಬಿಟ್ಟಂತೆಯೇ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮುಂಬಯಿಯ ಎಷ್ಟೋ ವ್ಯಾಪಾರಿಗಳು, ವಕೀಲರು ಆ ನಿಗಮದ ವಿಳಾಸವನ್ನು ಹೆಮ್ಮೆಯಿಂದ ಕಾರ್ಡಿನ ಮೇಲೆ ಅಚ್ಚು ಹಾಕಿಸಿದರು. 2002ರಲ್ಲಿ ನಿಗಮ ಟಾಟಾ ಅವರ ಕೈಗೆ ಹೋಯಿತು. 2008ರಲ್ಲಿ ಅದರ ಹೆಸರೇ ಬದಲಾಯಿತು. ಹೊರದೇಶಗಳಲ್ಲೂ ಇದೇ ಕಥೆ. 2017ರಲ್ಲಿ ಅಮೆರಿಕದ ವೆರಿಜಾನ್, ನ್ಯೂಜಿಲೆಂಡಿನ ವೊಡಾಫೋನ್, ಎರಡೂ ಗಿರಾಕಿಗಳಿಗೆ ಇ-ಮೇಲ್ ನಡೆಸಿಕೊಡುವ ಕೆಲಸದಿಂದ ಕೈತೊಳೆದುಕೊಂಡುವು. ತಂತಿ ಎಳೆಯುವವರಿಗೆ ಅಂಚೆ ಉಪಕಸುಬು. ಬೇಡವೆನಿಸಿದ ದಿನ ಬಿಟ್ಟುಬಿಡುತ್ತಾರೆ.

ಆದುದರಿಂದ ಮೊದಲನೆಯ ಮಾತು: ಇಂಟರ್‌ನೆಟ್ ಒಬ್ಬರಲ್ಲಿರಲಿ, ಇ-ಮೇಲ್ ಮತ್ತೊಬ್ಬರಲ್ಲಿರಲಿ.

ಹಾಗಾದರೆ ಯಾರಲ್ಲಿ? ನಾವು ವಿಚಾರಿಸಿ ತಿಳಿದುದನ್ನು ಹೇಳುತ್ತೇವೆ. ಹಾಟ್‌ಮೇಲ್ 1996ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು. ಮರುವರುಷವೇ ಅದನ್ನು ಮೈಕ್ರೋಸಾಫ್ಟ್ ಕೊಂಡಿತು; ಮುಂದೆ ಹೆಸರು ಔಟ್‌ಲುಕ್ ಎಂದಾಯಿತು. ಆದರೂ ಹಳೆಯ ವಿಳಾಸಗಳು ಇಂದಿಗೂ ನಡೆಯುತ್ತಿವೆ. ಜಿಮೇಲ್ ಬಂದುದು 2004ರ ಏಪ್ರಿಲ್ 1ರಂದು. ಅದರ ಉಚಿತ ಸ್ಥಳ ವಿಶಾಲವಾದರೂ ಮೊಬೈಲಿನ ಚಿತ್ರಗಳೂ ಅದೇ ಸ್ಥಳವನ್ನು ತಿನ್ನುತ್ತವೆ. ಎರಡು ವರುಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಹೀಗಾಗಿ ಇದ್ದರಿರಲಿ ಎಂದು ತೆರೆದು ಮರೆತ ಪೆಟ್ಟಿಗೆ ಉಳಿಯುವುದಿಲ್ಲ. ರೆಡಿಫ್ ನಮ್ಮ ಮುಂಬಯಿಯದೇ ಕಂಪನಿ. ಜೋಹೋ ತಮಿಳುನಾಡಿನದು, ಕೇಂದ್ರ ಸರಕಾರದ ನೌಕರರ ಇ-ಮೇಲ್ ಈಗ ಅದರ ವ್ಯವಸ್ಥೆಯಲ್ಲಿ ನಡೆಯುತ್ತಿದೆ. ಸ್ವಿಟ್ಜರ್ಲೆಂಡಿನ ಪ್ರೋಟಾನ್ ನಮ್ಮ ಪತ್ರಗಳನ್ನು ತಾನೂ ಓದಲಾಗದಂತೆ ಗೂಢಲಿಪಿಯಲ್ಲಿ ಇಡುತ್ತದೆ. ಆದರೆ ಗುಪ್ತಪದವನ್ನೂ ಮರುಪಡೆಯುವ ಸಾಧನವನ್ನೂ ಕಳೆದುಕೊಂಡವರ ಹಳೆಯ ಪತ್ರಗಳನ್ನು ಅದು ತಾನಾಗಿ ತೆರೆದುಕೊಡಲಾರದು.

ಇವುಗಳಲ್ಲಿ ಯಾವುದು ಉತ್ತಮವೆಂದು ನಾವು ತೀರ್ಪು ಕೊಡುವುದಿಲ್ಲ. ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು: ಇವರು ಹೊಟ್ಟೆ ಹೊರೆಯುವುದು ಹೇಗೆ, ನಮ್ಮ ಹಣದಿಂದಲೋ ಜಾಹೀರಾತಿನಿಂದಲೋ? ಎರಡು: ಬಿಡಬೇಕೆನಿಸಿದಾಗ ನಮ್ಮ ಪತ್ರಗಳನ್ನೆಲ್ಲ ಒಟ್ಟಾಗಿ ಹೊರಗೆ ತೆಗೆದುಕೊಳ್ಳಲು ದಾರಿಯುಂಟೋ? ಮೂರು: ಗುಪ್ತಪದ ಮರೆತರೆ ನಾನೇ ನಾನೆಂದು ಸಾಧಿಸುವುದು ಹೇಗೆ?

ಮೂರನೆಯದರಲ್ಲಿ ನಮ್ಮ ಹಿರಿಯರು ಹೆಚ್ಚಾಗಿ ಎಡವುತ್ತಾರೆ. ಮಗನೋ ಮೊಮ್ಮಗಳೋ ಖಾತೆ ತೆರೆದುಕೊಟ್ಟು, ತಮ್ಮದೇ ಮೊಬೈಲ್ ಸಂಖ್ಯೆ ಬರೆದಿರುತ್ತಾರೆ. ಮಗ ಪರದೇಶಕ್ಕೆ ಹೋಗಿ ಆ ಸಿಮ್ ಬಿಡುತ್ತಾನೆ. ನಿಂತುಹೋದ ಸಂಖ್ಯೆಯನ್ನು 90 ದಿನಗಳಾದ ಮೇಲೆ ಬೇರೆಯವರಿಗೆ ಕೊಡಲು ಅವಕಾಶವಿದೆ. ನಿಮ್ಮ ಮನೆಯ ಬೀಗದ ಕೈ ಅಪರಿಚಿತನ ಕೈ ಸೇರಿದಂತಾಯಿತಲ್ಲವೇ? ನಿಮ್ಮ ಪೆಟ್ಟಿಗೆಗೆ ನಿಮ್ಮ ಸಂಖ್ಯೆಯೇ ಇರಲಿ.

ಇನ್ನು ಮನೆ ಬದಲಿಸುವ ಕ್ರಮ. ಹೊಸ ವಿಳಾಸ ಮಾಡಿಕೊಂಡ ಮೇಲೆಯೇ ಹಳೆಯ ಕಂಪನಿಗೆ ರಾಜೀನಾಮೆ ಕೊಡಿ; ನಾವು ಮಾಡಿದುದು ಇದರ ತಿರುಗುಮುರುಗು. ಎರಡು ಮೂರು ತಿಂಗಳು ಎರಡನ್ನೂ ನಡೆಸಿ. ಆ ಅವಧಿಯಲ್ಲಿ ಹಳೆಯದಕ್ಕೆ ಯಾರು ಯಾರು ಬರೆಯುತ್ತಾರೆಂದು ಒಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ: ಬ್ಯಾಂಕು, ಆದಾಯ ತೆರಿಗೆ, ಪಿಂಚಣಿ, ಜೀವವಿಮೆ, ಭವಿಷ್ಯನಿಧಿ, ಆಧಾರ್, ಗ್ಯಾಸು, ಸೊಸೈಟಿ. ಒಂದೊಂದರಲ್ಲೂ ವಿಳಾಸ ಬದಲಿಸಿ ಗೆರೆ ಎಳೆಯಿರಿ. ಎಷ್ಟೋ ಕಡೆ ಹಳೆಯ ವಿಳಾಸಕ್ಕೆ ಸಂಕೇತ ಕಳಿಸಿ, ಅದನ್ನು ಹೇಳಿದವರಿಗೆ ಮಾತ್ರ ಬದಲಿಸಲು ಬಿಡುತ್ತಾರೆ. ಪೆಟ್ಟಿಗೆ ಮುಚ್ಚಿದ ಮೇಲೆ ಆ ದಾರಿಯೂ ಮುಚ್ಚಿತು. ಹಳೆಯ ಪತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಥಂಡರ್‌ಬರ್ಡ್ ಎಂಬ ಉಚಿತ ಸಾಧನವಿದೆ. ನಮ್ಮ ತರುಣ ಸದಸ್ಯರು ಶನಿವಾರ ಸಂಜೆ ಇಲ್ಲಿ ಕುಳಿತು ಮಾಡಿಕೊಡಲು ಒಪ್ಪಿದ್ದಾರೆ. ಗುಪ್ತಪದವನ್ನು ಮಾತ್ರ ಅವರಿಗೂ ಹೇಳಬೇಡಿ, ನೀವೇ ಒತ್ತಿರಿ.

ಸಂಘ ಸಂಸ್ಥೆಗಳ ವಿಷಯ ಸ್ವಲ್ಪ ಬೇರೆ. ಕಾರ್ಯದರ್ಶಿಗಳು ಬದಲಾಗುತ್ತಾರೆ, ಸಂಘ ಉಳಿಯಬೇಕು. ಅದಕ್ಕಾಗಿ ನಾವು ಈ ಸಲ ಸಂಘದ ಹೆಸರಿನಲ್ಲಿಯೇ ಒಂದು ನೆಲೆಯ ಹೆಸರನ್ನು ನೋಂದಾಯಿಸಿದ್ದೇವೆ. ವರುಷಕ್ಕೆ ಸ್ವಲ್ಪ ಹಣ ಕಟ್ಟಬೇಕು; ಆದರೆ ಗುರುತಿನ ಮುಂದಿನ ಭಾಗವೂ ಈಗ ನಮ್ಮದೇ. ನಾಳೆ ಇ-ಮೇಲ್ ಕಂಪನಿಯನ್ನು ಬದಲಿಸಿದರೂ ವಿಳಾಸ ಬದಲಾಗದು. ಹಣ ಕಟ್ಟಲು ಮರೆತರೆ ಮಾತ್ರ ಹೆಸರನ್ನು ಬೇರೆಯವರು ಕೊಂಡುಕೊಳ್ಳಬಹುದು. ಆದ್ದರಿಂದ ಕಟ್ಟುವ ದಿನಾಂಕವನ್ನು ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇವೆ. ಬೀಗದ ಕೈ ಇಬ್ಬರು ಪದಾಧಿಕಾರಿಗಳಲ್ಲಿದೆ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇವೆ. ಸಮಿತಿಯವರು ಕೈಯಿಂದ ಹಾಕಿ ಅರ್ಧ ಮೊತ್ತ ಕೂಡಿಸಿ ಕೊಟ್ಟೆವು. ಇದು ಹೇಳಿಕೊಳ್ಳುವ ಉಪಕಾರವಲ್ಲ. ಉಳಿದ ಅರ್ಧ ನಮ್ಮ ಮೇಲಿರುವ ಸಾಲ. ಬರುವ ವರುಷದ ಪಟ್ಟಿಯಲ್ಲಿ ಅದನ್ನು ಮೊದಲು ತೀರಿಸಬೇಕೆಂದು ನಿರ್ಣಯವಾಗಿದೆ. ವಿಳಾಸವನ್ನು ಅಚ್ಚು ಹಾಕಿಸುವುದೆಂದರೆ, ಬರೆದವರಿಗೆ ಉತ್ತರ ಕೊಡುತ್ತೇವೆಂದು ಮಾತು ಕೊಟ್ಟಂತೆ. ಆ ಮಾತು ತಪ್ಪದಿರಲೆಂದೇ ಇಷ್ಟು ಹೇಳಿದ್ದು.