ಮಗ್ದಲದ ಸರೋವರತೀರದಲ್ಲಿ ಕಂಡುದು

(ಮಹೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಮಹೋತ್ಸವ ಸಮಿತಿಯವರು ನನ್ನಿಂದ ಬಯಸಿದುದು ಪರದೇಶಯಾತ್ರೆಯ ವರ್ಣನೆಯನ್ನು. ಅದನ್ನು ಹೇಳುವೆನು. ಆದರೆ ಅದರೊಳಗೆ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿರುವುದರಿಂದ, ಅದನ್ನೂ ತಾಳ್ಮೆಯಿಂದ ಆಲಿಸಬೇಕೆಂದು ಮೊದಲೇ ಬೇಡಿಕೊಳ್ಳುವೆನು.

ಕೆಲವು ವರ್ಷಗಳ ಕೆಳಗೆ ಇದೇ ಸಭಾಮಂಟಪದಲ್ಲಿ, ಶ್ರಾವಣಮಾಸದ ಪ್ರವಚನಗಳಲ್ಲಿ ಒಂದು ದಿನ, ಅನ್ಯಮತಗಳ ಭಕ್ತರ ವಿಷಯವನ್ನು ಹೇಳುತ್ತ, ಕ್ರಿಸ್ತನ ಶಿಷ್ಯೆಯಾದ ಮಗ್ದಲದ ಮರಿಯಳು ಮೊದಲು ವೇಶ್ಯೆಯಾಗಿದ್ದು ಅನಂತರ ಗುರುಕೃಪೆಯಿಂದ ಪಾವನಳಾದಳೆಂದು ನಾನು ಹೇಳಿದ್ದೆನು. ಮಾತಿಗೆ ಕಳೆಯೇರಲೆಂದು ಆಕೆಯ ಹಿಂದಿನ ಬಾಳನ್ನು ಸ್ವಲ್ಪ ಹೆಚ್ಚಾಗಿಯೇ ಬಣ್ಣಿಸಿದ್ದೆನು. ಸಭೆ ಮುಗಿದ ಮೇಲೆ, ದಾಸೋಹದ ಅಕ್ಕಿಯನ್ನು ಆರಿಸುವ ಸೇವೆಯನ್ನು ಬಹುಕಾಲ ಮಾಡಿದ ವೃದ್ಧ ತಾಯಿಯೊಬ್ಬರು ನನ್ನ ಬಳಿಗೆ ಬಂದು, "ಶಾಸ್ತ್ರಿಗಳೆ, ಆ ಹೆಣ್ಣುಮಗಳು ಅಂಥವಳೆಂದು ಅವರ ಪುಸ್ತಕದಲ್ಲಿಯೇ ಬರೆದಿದೆಯೆ?" ಎಂದು ಕೇಳಿದರು. "ಬರೆದಿದೆ, ತಾಯಿ" ಎಂದೆನು. ಆ ಪುಸ್ತಕವನ್ನು ನಾನು ತೆರೆದು ನೋಡಿರಲಿಲ್ಲ. ಯಾವುದೋ ಕಥಾಸಂಗ್ರಹದಲ್ಲಿ ಓದಿದ ನೆನಪಷ್ಟೆ ನನ್ನ ಆಧಾರ. ಪಾಠಶಾಲೆಯಲ್ಲಿ ಒಂದು ಸೂತ್ರವನ್ನು ಆಕರವಿಲ್ಲದೆ ಹೇಳಿದ ವಿದ್ಯಾರ್ಥಿಯನ್ನು ನಿಲ್ಲಿಸಿ ಗದರಿಸುವ ನಾನು, ಅಂದು ಆ ತಾಯಿಗೆ ಹಾಗೆ ಉತ್ತರ ಕೊಟ್ಟೆನು. ಉಪನ್ಯಾಸವು ಮಠದ ಪತ್ರಿಕೆಯಲ್ಲಿ ಅಚ್ಚೂ ಆಯಿತು.

ಇರಲಿ. ಮಠದ ಶಿಷ್ಯರಾದ ವೈದ್ಯರೊಬ್ಬರು ಸಕುಟುಂಬರಾಗಿ ಯೆರೂಸಲೇಮಿನ ಕಡೆಗೆ ಪ್ರವಾಸ ಹೊರಟಾಗ ನನ್ನನ್ನೂ ಜೊತೆಗೆ ಕರೆದೊಯ್ದರು. ಅಲ್ಲಿಯ ದೊಡ್ಡ ಕ್ಷೇತ್ರಗಳನ್ನು ಕುರಿತು ಬರೆದವರು ಬಹುಮಂದಿ ಇರುವುದರಿಂದ ಅವುಗಳ ಮಾತನ್ನು ಬಿಡುವೆನು. ಉತ್ತರಕ್ಕೆ ಸಾಗಿ ಗಲಿಲಾಯ ಪ್ರಾಂತವನ್ನು ಸೇರಿದ ದಿನ ಇಳಿಜಾರಿನ ದಾರಿಯಲ್ಲಿ ಕಿವಿಗಳು ಮುಚ್ಚಿಕೊಂಡಂತಾದುವು. ವಿಚಾರಿಸಲಾಗಿ, ನಾವು ಸಮುದ್ರಮಟ್ಟಕ್ಕಿಂತ ಕೆಳಗೆ ಇಳಿಯುತ್ತಿರುವೆವೆಂದು ತಿಳಿಯಿತು. ಅಲ್ಲಿಯ ಸರೋವರದ ನೀರಿನ ಮಟ್ಟವು ಸಮುದ್ರಮಟ್ಟಕ್ಕಿಂತ ಸುಮಾರು ೨೧೦ ಮೀಟರು ತಗ್ಗಿನಲ್ಲಿದೆ. ಉದ್ದ ಸುಮಾರು ೨೧ ಕಿಲೋಮೀಟರು, ಅಗಲ ಹೆಚ್ಚೆಂದರೆ ೧೩. ನೀರು ಸಿಹಿಯಾದುದು, ಯೊರ್ದನ್ ನದಿಯು ಉತ್ತರದಲ್ಲಿ ಒಳಹೊಕ್ಕು ದಕ್ಷಿಣದಲ್ಲಿ ಹೊರಬೀಳುವುದು. ಯೆಹೂದ್ಯರು ಇದನ್ನು ಕಿನ್ನೆರೆತ್ ಎನ್ನುವರು. ಅವರ ಭಾಷೆಯಲ್ಲಿ ಕಿನ್ನೋರ್ ಎಂದರೆ ತಂತಿವಾದ್ಯ. ಸರೋವರದ ಆಕಾರ ಅದನ್ನು ಹೋಲುವುದರಿಂದ ಆ ಹೆಸರು ಬಂದಿತೆಂದು ಜನ ಹೇಳುವುದುಂಟು. ನಮ್ಮ ಕಿನ್ನರಿಯು ನನಗೆ ಕೂಡಲೆ ನೆನಪಾಯಿತು. ಧ್ವನಿಸಾಮ್ಯದಿಂದ ಸಂಬಂಧವನ್ನು ಕಟ್ಟುವುದು ವೈಯಾಕರಣನಿಗೆ ತಕ್ಕುದಲ್ಲವಾದುದರಿಂದ ಅದನ್ನು ಅಲ್ಲಿಗೇ ಬಿಟ್ಟೆನು.

ಸರೋವರದ ಪಶ್ಚಿಮತೀರದಲ್ಲಿ, ತಿಬೇರಿಯ ಪಟ್ಟಣಕ್ಕೆ ಸ್ವಲ್ಪ ಉತ್ತರದಲ್ಲಿ, ಅರ್ಬೇಲ್ ಎಂಬ ಕಡಿದಾದ ಬೆಟ್ಟದ ಬುಡದಲ್ಲಿ ಮಗ್ದಲವಿದೆ. ಮಿಗ್ದಾಲ್ ಎಂದರೆ ಗೋಪುರ. ಗ್ರೀಕರು ಈ ಊರನ್ನು ತಾರಿಖಿಯಾಯ್ ಎಂದು ಕರೆಯುತ್ತಿದ್ದರು; ಮೀನನ್ನು ಉಪ್ಪು ಹಾಕಿ ಕೆಡದಂತೆ ಇಡುವ ಸ್ಥಳವೆಂದು ಅದರ ಅರ್ಥ. ಕಾಲಾಂತರದಲ್ಲಿ ಮಜ್ದಲ್ ಎಂಬ ಅರಬ್ಬರ ಹಳ್ಳಿಯು ಆ ಹಳೆಯ ಹೆಸರನ್ನು ಉಳಿಸಿಕೊಂಡು ಇಲ್ಲಿಯೇ ಇತ್ತು. ೧೯೪೮ರ ಯುದ್ಧಕಾಲದಲ್ಲಿ ಆ ಹಳ್ಳಿಯೂ ಬರಿದಾಯಿತು.

೨೦೦೯ರಲ್ಲಿ ಕಥೋಲಿಕ ಪಾದ್ರಿಗಳ ಸಂಘವೊಂದು ಯಾತ್ರಿಕರಿಗೆ ವಸತಿಗೃಹವನ್ನು ಕಟ್ಟಲು ಇಲ್ಲಿ ಸಿದ್ಧತೆ ನಡೆಸಿತು. ಕಟ್ಟುವ ಮೊದಲು ನೆಲವನ್ನು ಅಗೆದು ಪರೀಕ್ಷಿಸಬೇಕೆಂಬುದು ಆ ದೇಶದ ಕಾನೂನು. ಹಾಗೆ ಅಗೆಯಲು ಪ್ರಾಚ್ಯವಸ್ತು ಇಲಾಖೆಯವರಿಗೆ, ಹೆಚ್ಚು ಆಳಕ್ಕೆ ಹೋಗುವ ಮುನ್ನವೇ, ಯೆಹೂದ್ಯರ ಪ್ರಾರ್ಥನಾಮಂದಿರವೊಂದು ಗೋಚರಿಸಿತು. ಕ್ರಿಸ್ತಶಕದ ಮೊದಲನೆಯ ಶತಮಾನದ್ದು. ಯೆರೂಸಲೇಮಿನ ಮಹಾದೇವಾಲಯವು ಇನ್ನೂ ನಿಂತಿದ್ದ ಕಾಲದ್ದು. ಅಲ್ಲಿ ದೊರೆತ ನಾಣ್ಯಗಳಲ್ಲಿ ಒಂದು ಕ್ರಿ.ಶ. ೨೯ರದು. ಕ್ರಿಸ್ತಭಕ್ತರು ಕಟ್ಟಲು ಹೊರಟಲ್ಲಿ ಯೆಹೂದ್ಯರ ಮಂದಿರವು ಮೇಲೆದ್ದಿತು. ಪಾದ್ರಿಗಳು ಅದನ್ನು ಮುಚ್ಚಲಿಲ್ಲ, ಬೇಸರಿಸಲಿಲ್ಲ. ತಮ್ಮ ಕಟ್ಟಡದ ನಕ್ಷೆಯನ್ನೇ ಬದಲಾಯಿಸಿಕೊಂಡರು. ಈಗ ಉಭಯ ಮತಗಳವರೂ ಅಲ್ಲಿಗೆ ಬರುವರು.

ಆ ಮಂದಿರವು ದೊಡ್ಡದಲ್ಲ. ಗೋಡೆಗಳ ಸುತ್ತ ಕುಳಿತುಕೊಳ್ಳಲು ಕಲ್ಲಿನ ಜಗಲಿ, ನೆಲದಲ್ಲಿ ಅಲ್ಲಲ್ಲಿ ಬಣ್ಣದ ಹರಳುಗಳನ್ನು ಜೋಡಿಸಿದ ಚಿತ್ತಾರ, ಗೋಡೆಯ ಗಾರೆಯ ಮೇಲೆ ಕೆಂಪು ನೀಲಿ ಬಣ್ಣಗಳ ಉಳಿಕೆ. ನಡುವೆ ಸುಣ್ಣಕಲ್ಲಿನ ಒಂದು ಪೀಠವಿತ್ತು. ನಾವು ನೋಡಿದುದು ಅದರ ಪ್ರತಿಕೃತಿ; ಮೂಲವು ಇಲಾಖೆಯ ವಶದಲ್ಲಿದೆ. ಪೀಠದ ಮೇಲೂ ನಾಲ್ಕು ಪಾರ್ಶ್ವಗಳಲ್ಲೂ ಕೆತ್ತನೆಯಿದೆ. ಒಂದು ಪಾರ್ಶ್ವದಲ್ಲಿ ಏಳು ಕವಲುಗಳ ದೀಪಸ್ತಂಭ, ಅದರ ಎರಡು ಬದಿಗಳಲ್ಲಿ ಎರಡು ಹಿಡಿಗಳ ಕುಂಭಗಳು. ಮೇಲೆ ಆರು ಎಸಳುಗಳ ಹೂವು. ಯೆರೂಸಲೇಮಿನ ದೇವಾಲಯವನ್ನು ಕಣ್ಣಾರೆ ಕಂಡುಬಂದ ಶಿಲ್ಪಿಯು ಅದನ್ನು ಇಲ್ಲಿ ಚಿಕ್ಕದಾಗಿ ಕೆತ್ತಿರಬಹುದೆಂದು ಬಲ್ಲವರ ಊಹೆ. ಗ್ರಂಥದ ಸುರುಳಿಯನ್ನು ಇಟ್ಟು ಓದುವ ಪೀಠವೆಂದು ಕೆಲವರು, ಅಲ್ಲವೆಂದು ಕೆಲವರು. ಪಂಡಿತರ ಕಲಹವು ಅಲ್ಲಿಯೂ ನಮ್ಮಲ್ಲಿಯಂತೆಯೇ ಇರುವುದು.

ಮಂದಿರದಿಂದ ಮುಂದೆ ಬೀದಿಗಳು, ಅಂಗಡಿಸಾಲಿನ ಅಡಿಪಾಯಗಳು, ಮೀನಿನ ಕೆಲಸಕ್ಕೆಂದು ಕಟ್ಟಿದ ತೊಟ್ಟಿಗಳು. ಇವುಗಳಿಗಿಂತ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದುವು ಮಡಿಯ ಸ್ನಾನಕುಂಡಗಳು. ಮೆಟ್ಟಲುಗಳನ್ನು ಇಳಿದು ಮೈಯೆಲ್ಲ ಮುಳುಗಿ ಶುದ್ಧರಾಗಲು ಕಟ್ಟಿದವುಗಳು. ಸರೋವರದ ಬಳಿಯ ಅಂತರ್ಜಲವೇ ಅವುಗಳಿಗೆ ಒರತೆಯಾದುದರಿಂದ ಎರಡು ಸಾವಿರ ವರ್ಷಗಳ ಮೇಲೂ ತಿಳಿನೀರು ನಿಂತಿದೆ. ಮಣ್ಣಿನ ಪಾತ್ರೆಗೆ ಮೈಲಿಗೆ ತಗಲುವುದು, ಕಲ್ಲಿನ ಪಾತ್ರೆಗೆ ತಗಲದೆಂಬ ನಿಯಮದಿಂದ ಬಳಸುತ್ತಿದ್ದ ಕಲ್ಲಿನ ಪಾತ್ರೆಗಳೂ ಇಲ್ಲಿ ಸಿಕ್ಕಿವೆ. ಆ ಕುಂಡದ ಮೆಟ್ಟಲಿನ ಬಳಿ ನಿಂತಾಗ ನನಗೆ ಮೊದಲ ಸಂದೇಹ ಹುಟ್ಟಿತು. ಕೆಟ್ಟ ಹೆಸರಿನ ಊರೆಂದು ನಾನು ಬಣ್ಣಿಸಿದ ಊರು ಇದೇ ಏನು? ಇಲ್ಲಿ ಕಾಣುವುದು ವ್ಯಾಪಾರ, ಶೌಚ, ಶಾಸ್ತ್ರಪಠನ. ಮರಿಯಳು ಈ ಜಗಲಿಯ ಮೇಲೆ ಕುಳಿತಿದ್ದಳೆಂಬುದಕ್ಕೆ ಲಿಖಿತಾಧಾರವಿಲ್ಲ. ಆದರೆ ಊರ ಹೆಸರನ್ನು ತನ್ನ ಹೆಸರಿನೊಡನೆ ಹೊತ್ತವಳ ಊರು ಹೀಗಿತ್ತು.

ನಮ್ಮೊಡನೆ ಮಂಗಳೂರಿನ ಕಡೆಯ ಕ್ರೈಸ್ತ ಸೋದರಿಯೊಬ್ಬರು ಬಂದಿದ್ದರು. ಆ ದೇಶದಲ್ಲಿ ವೃದ್ಧರ ಆರೈಕೆಯ ಕೆಲಸಕ್ಕಾಗಿ ನಮ್ಮ ಕರಾವಳಿಯಿಂದ ಹೋದವರು ಅನೇಕರಿದ್ದಾರೆ. ಇವರು ಅವರಲ್ಲಿ ಒಬ್ಬರು, ರಜೆಯ ದಿನವನ್ನು ನಮಗಾಗಿ ವಿನಿಯೋಗಿಸಿದರು. ನನ್ನ ಸಂದೇಹವನ್ನು ಕೇಳಿ, "ಗುರುಗಳೇ, ಚಿಕ್ಕಂದಿನಲ್ಲಿ ನಾವೂ ಹಾಗೆಯೇ ಕೇಳಿದ್ದೆವು. ನೀವೇ ಓದಿ ನೋಡಿ" ಎಂದು ಕೈಚೀಲದಿಂದ ಕನ್ನಡದ ಬೈಬಲನ್ನು ತೆಗೆದುಕೊಟ್ಟರು. ಒಂದು ಮರದ ನೆರಳಿನಲ್ಲಿ ಕುಳಿತು ಲೂಕನ ಸುವಾರ್ತೆಯ ಎಂಟನೆಯ ಅಧ್ಯಾಯವನ್ನು ಓದಿದೆನು. ಏಳು ದೆವ್ವಗಳ ಬಾಧೆಯಿಂದ ಬಿಡುಗಡೆ ಹೊಂದಿದ ಮರಿಯಳೂ ಇನ್ನೂ ಕೆಲವು ಸ್ತ್ರೀಯರೂ ತಮ್ಮ ಸ್ವಂತ ಆಸ್ತಿಯಿಂದ ಗುರುವಿಗೂ ಶಿಷ್ಯರಿಗೂ ಉಪಚಾರ ಮಾಡುತ್ತಿದ್ದರೆಂದು ಅಲ್ಲಿದೆ. ದೆವ್ವದ ಬಾಧೆಯು ರೋಗ, ದುರ್ನಡತೆಯಲ್ಲ. ಅದರ ಹಿಂದಿನ ಏಳನೆಯ ಅಧ್ಯಾಯದಲ್ಲಿ ಪಾಪಿಯಾದ ಸ್ತ್ರೀಯೊಬ್ಬಳ ಕಥೆಯಿದೆ. ಆಕೆಗೆ ಹೆಸರೇ ಇಲ್ಲ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಮಗ್ದಲದ ಮರಿಯಳನ್ನು ವೇಶ್ಯೆ ಎಂದಿಲ್ಲ. ಕ್ರಿಸ್ತನನ್ನು ಶಿಲುಬೆಗೆ ಏರಿಸಿದಾಗ ಶಿಷ್ಯರಲ್ಲಿ ಹೆಚ್ಚಿನವರು ಚದರಿಹೋದರೂ ಆಕೆ ಅಲ್ಲಿದ್ದಳು. ಆತನು ಎದ್ದ ಸುದ್ದಿಯನ್ನು ಶಿಷ್ಯರಿಗೆ ಮೊದಲು ತಂದು ಹೇಳಿದವಳೆಂದು ಯೋಹಾನನು ಬರೆದಿರುವುದು ಆಕೆಯನ್ನೇ.

ಹಾಗಾದರೆ ಈ ಅಪವಾದ ಎಲ್ಲಿಂದ ಬಂದಿತು? ಊರಿಗೆ ಬಂದ ಮೇಲೆ ವಿಚಾರಿಸಿ ತಿಳಿದುಕೊಂಡೆನು. ಕ್ರಿ.ಶ. ೫೯೧ರಲ್ಲಿ ರೋಮಿನ ಧರ್ಮಾಧ್ಯಕ್ಷರಾದ ಮೊದಲನೆಯ ಗ್ರೆಗರಿಯವರು ಒಂದು ಪ್ರವಚನದಲ್ಲಿ ಆ ಹೆಸರಿಲ್ಲದ ಪಾಪಿಯನ್ನೂ, ಬೇಥಾನ್ಯದ ಮರಿಯಳೆಂಬ ಮತ್ತೊಬ್ಬಳನ್ನೂ, ಮಗ್ದಲದವಳನ್ನೂ ಒಬ್ಬಳೇ ಎಂದರು. ಏಳು ದೆವ್ವಗಳೆಂದರೆ ಸಕಲ ದುರ್ಗುಣಗಳೇ ಎಂದು ಅರ್ಥಮಾಡಿದರು. ಪೂರ್ವದೇಶದ ಕ್ರೈಸ್ತಸಭೆಗಳು ಇದನ್ನು ಒಪ್ಪಲಿಲ್ಲ. ಪಶ್ಚಿಮದಲ್ಲಿ ಮಾತ್ರ ಚಿತ್ರಕಾರರೂ ಕವಿಗಳೂ ಪ್ರವಚನಕಾರರೂ ಅದನ್ನೇ ಹಿಡಿದುಕೊಂಡರು. ರೋಮಿನವರು ೧೯೬೯ರಲ್ಲಿ ತಮ್ಮ ಹಬ್ಬಗಳ ಪಂಚಾಂಗವನ್ನು ತಿದ್ದುವಾಗ ಆ ಬೆರಕೆಯನ್ನು ಕೈಬಿಟ್ಟರು. ೨೦೧೬ರಲ್ಲಿ ಜುಲೈ ೨೨ರ ಆಕೆಯ ಸ್ಮರಣದಿನವನ್ನು ಅಪೊಸ್ತಲರ ಹಬ್ಬಗಳ ಸಮಕ್ಕೆ ಏರಿಸಿದರು. ಒಂದು ಪ್ರವಚನದಲ್ಲಿ ಆಡಿದ ಮಾತನ್ನು ತಿದ್ದಲು ೧೩೭೮ ವರ್ಷಗಳು ಹಿಡಿದುವು! ನಾನು ಇದೇ ಮಂಟಪದಲ್ಲಿ ಪ್ರವಚನ ಮಾಡಿದುದು ಅದರ ಅನಂತರ. ಆದುದರಿಂದ ನನಗೆ ಆ ನೆಪವೂ ಇಲ್ಲ.

ತೀರದಲ್ಲಿ ೨೦೧೪ರಲ್ಲಿ ತೆರೆದ ಹೊಸ ಪ್ರಾರ್ಥನಾಲಯವಿದೆ. ಅದರ ವೇದಿಕೆಯು ದೋಣಿಯ ಆಕಾರದ್ದು. ಹಿಂದಿನ ಗಾಜಿನ ಗೋಡೆಯಾಚೆ ಸರೋವರವೇ ಕಾಣುವುದು. ಮುಂಭಾಗದ ಮಂಟಪದಲ್ಲಿ ಎಂಟು ಕಂಬಗಳು. ಏಳರ ಮೇಲೆ ಸುವಾರ್ತೆಗಳಲ್ಲಿ ಬರುವ ಸ್ತ್ರೀಯರ ಸ್ಮರಣೆ. ಎಂಟನೆಯದನ್ನು ಎಲ್ಲ ಕಾಲದ ಭಕ್ತೆಯರಿಗೆಂದು ಹೆಸರಿಲ್ಲದೆ ಬಿಟ್ಟಿದ್ದಾರೆ. ಅಲ್ಲಿ ನನಗೆ ಅಕ್ಕಿ ಆರಿಸುತ್ತಿದ್ದ ಆ ತಾಯಿ ನೆನಪಾದರು. ಊರಿಗೆ ಹೋದೊಡನೆ ಅವರ ಮನೆಗೆ ಹೋಗಿ ಹೇಳಬೇಕೆಂದು ನಿಶ್ಚಯಿಸಿದೆನು.

ಊರಿನ ಅಂತ್ಯವನ್ನೂ ಹೇಳಿಬಿಡುವೆನು. ಕ್ರಿ.ಶ. ೬೭ರಲ್ಲಿ, ಯೆಹೂದ್ಯರು ರೋಮಿನವರ ಮೇಲೆ ಎದ್ದ ಕಾಲದಲ್ಲಿ, ವೆಸ್ಪಾಸಿಯನನ ಸೈನ್ಯವು ಈ ಪಟ್ಟಣವನ್ನು ಹಿಡಿಯಿತು. ದೋಣಿಗಳಲ್ಲಿ ಓಡಿದವರನ್ನು ಸರೋವರದ ಮೇಲೆಯೇ ಅಟ್ಟಿಸಿಕೊಂಡು ಕೊಂದರು. ಸೆರೆಸಿಕ್ಕವರಲ್ಲಿ ಬಲಿಷ್ಠರಾದ ೬೦೦೦ ಯುವಕರನ್ನು ಕೊರಿಂಥದಲ್ಲಿ ಕಾಲುವೆ ಅಗೆಯಲು ಕಳುಹಿಸಿದರೆಂದು ಆ ಕಾಲದವನೇ ಆದ ಯೋಸೇಫಸನು ಬರೆದಿರುವನು. ೧೯೮೬ರಲ್ಲಿ, ಮಳೆ ಬಾರದೆ ನೀರು ಇಳಿದಾಗ, ಇಲ್ಲಿಂದ ಸ್ವಲ್ಪ ಉತ್ತರದಲ್ಲಿ ಕೆಸರಿನಿಂದ ಹೆಚ್ಚುಕಡಮೆ ಅದೇ ಕಾಲದ ಮರದ ದೋಣಿಯೊಂದು ದೊರೆಯಿತು. ಹತ್ತಾರು ಜಾತಿಯ ಮರದ ತುಂಡುಗಳಿಂದ ಮತ್ತೆ ಮತ್ತೆ ತೇಪೆ ಹಾಕಿದ್ದಾರೆ; ಬಡವನೊಬ್ಬನು ಅದನ್ನು ಎಷ್ಟು ಕಾಲ ಉಳಿಸಿಕೊಂಡನೋ ತಿಳಿಯದು.

ನಾನು ಮರಳಿ ಬರುವ ಹೊತ್ತಿಗೆ ಆ ತಾಯಿ ಲಿಂಗೈಕ್ಯರಾಗಿದ್ದರು. ಅವರ ಪ್ರಶ್ನೆಗೆ ಉತ್ತರವನ್ನು ಈ ಸಭೆಗೆ ಒಪ್ಪಿಸುತ್ತಿದ್ದೇನೆ: ಅವರ ಪುಸ್ತಕದಲ್ಲಿ ಹಾಗೆ ಬರೆದಿಲ್ಲ, ತಾಯಿ. ನನ್ನ ಉಪನ್ಯಾಸವು ಅಚ್ಚಾದ ಪತ್ರಿಕೆಯ ಸಂಚಿಕೆಯು ಯಾರ ಮನೆಯಲ್ಲಾದರೂ ಉಳಿದಿದ್ದರೆ, ಆ ಭಾಗದ ಮೇಲೆ ಗೆರೆ ಎಳೆದು ಪಕ್ಕದಲ್ಲಿ "ಇದು ತಪ್ಪು" ಎಂದು ಬರೆಯಬೇಕೆಂದು ವಿಜ್ಞಾಪಿಸುವೆನು. ಮಠದ ಗ್ರಂಥಭಂಡಾರದ ಪ್ರತಿಯಲ್ಲಿ ನಾನೇ ಬರೆದಿಟ್ಟಿರುವೆನು.