ಹಿತ್ತಿಲ ಆಲೂಗಡ್ಡೆ

(ಬಾನುಲಿ ಭಾಷಣ)

ಮನೆಯಲ್ಲಿ ಆಲೂಗಡ್ಡೆ ಬೆಳೆಯುವ ವಿಷಯವಾಗಿ ಹದಿನೈದು ನಿಮಿಷ ಮಾತನಾಡಬೇಕೆಂದು ಬಾನುಲಿಯವರು ಕೇಳಿದಾಗ ನಾನು ಒಪ್ಪಿಕೊಂಡದ್ದು ಸ್ವಲ್ಪ ದುಡುಕೇ ಸರಿ. ನಾನು ಕೃಷಿ ವಿಜ್ಞಾನಿಯಲ್ಲ. ಮೂವತ್ತೈದು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಚರಿತ್ರೆಯ ಪಾಠ ಹೇಳಿ 2017ರಲ್ಲಿ ನಿವೃತ್ತನಾದವನು. ಹಾಸನದ ಅಂಚಿನ ಒಂದು ಬಡಾವಣೆಯಲ್ಲಿ ನಮ್ಮ ಮನೆ. ಮನೆಯ ಹಿಂದೆ ಇಪ್ಪತ್ತು ಅಡಿಗೆ ಹದಿನೈದು ಅಡಿಯ ಹಿತ್ತಿಲು. ಅಲ್ಲಿ ಕೆಲವು ಮುಂಗಾರುಗಳಲ್ಲಿ ನಾನು ಮಾಡಿದ ತಪ್ಪುಗಳೇ ಈ ಭಾಷಣಕ್ಕೆ ಬಂಡವಾಳ.

ಈ ಗಡ್ಡೆಗೆ ನಮ್ಮ ನಾಡಿನಲ್ಲಿ ಒಂದೇ ಹೆಸರಿಲ್ಲ. ಕರಾವಳಿಯವರಿಗೆ ಅದು ಬಟಾಟೆ, ಕೋಲಾರದವರಿಗೆ ಉರುಳಗಡ್ಡೆ, ನಮಗೆ ಆಲೂಗಡ್ಡೆ. ಕೋಲಾರದ ನನ್ನ ಸಹೋದ್ಯೋಗಿಯೊಬ್ಬರು ಧಾರವಾಡದ ಸಂತೆಯಲ್ಲಿ ಉರುಳಗಡ್ಡೆ ಕೇಳಿದರಂತೆ. ಮಾರುವಾಕೆ ಅದನ್ನು ಉಳ್ಳಾಗಡ್ಡಿ ಎಂದು ಗ್ರಹಿಸಿ ಎರಡು ಕಿಲೋ ಈರುಳ್ಳಿಯನ್ನು ಚೀಲಕ್ಕೆ ಸುರಿದಳಂತೆ. ಬಟಾಟೆ ಎಂಬುದು ಪೋರ್ಚುಗೀಸರು ಬಿಟ್ಟುಹೋದ ಮಾತು. ಗಡ್ಡೆಯನ್ನು ನಮ್ಮ ದೇಶಕ್ಕೆ ತಂದವರೂ ಅವರೇ ಎಂಬುದು ಸಾಮಾನ್ಯವಾದ ಅಭಿಪ್ರಾಯ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಸಾವಿರಾರು ವರ್ಷ ಬಾಳಿ, ಕಡಲು ದಾಟಿ ಬಂದ ಈ ಅತಿಥಿ ನಮ್ಮ ಅಡುಗೆಮನೆಯನ್ನು ಎಷ್ಟೇ ಆಳಲಿ, ಅನೇಕ ಮನೆಗಳಲ್ಲಿ ಇಂದಿಗೂ ಶ್ರಾದ್ಧದ ಎಲೆಗೆ ಸಲ್ಲದು. ಪಿತೃಗಳು ತಾವು ಕಂಡರಿಯದ ತರಕಾರಿಯನ್ನು ಈಗ ಬಂದು ಉಂಡಾರೆಯೆ? ನನ್ನ ತಂದೆಯವರಿಗಂತೂ ಅದು ಕಂಡರಿಯದ ತರಕಾರಿಯಾಗಿರಲಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಉತ್ತರ ಹಿಂದೂಸ್ಥಾನದ ಬಯಲಿನಲ್ಲಿ ಆಲೂಗಡ್ಡೆ ಚಳಿಗಾಲದ ಬೆಳೆ. ಹಾಸನದಲ್ಲಿ ಮಳೆಗಾಲದ ಬೆಳೆ. ಸುಮಾರು 3,000 ಅಡಿ ಎತ್ತರದ ತಂಪು, ನೀರು ಬಸಿದುಹೋಗುವ ಕೆಂಪು ಮಣ್ಣು, ಇವೆರಡೂ ಕೂಡಿ ಇದನ್ನು ಸಾಧ್ಯಮಾಡಿವೆ. ಪಂಜಾಬಿನ ಜಲಂಧರದ ಕಡೆ ಚಳಿಗಾಲದಲ್ಲಿ ಕಿತ್ತ ಗಡ್ಡೆ ಎರಡು ಮೂರು ತಿಂಗಳು ನಿದ್ರೆ ಮಾಡಿ, ಲಾರಿಗಳಲ್ಲಿ ನಮ್ಮ ಮಾರುಕಟ್ಟೆಗೆ ಬರುವ ಹೊತ್ತಿಗೆ ಕಣ್ಣು ಬಿಡುವ ಸಿದ್ಧತೆಯಲ್ಲಿರುತ್ತದೆ. ಕಣ್ಣು ಎಂದೆ. ಆಲೂಗಡ್ಡೆ ಬೇರಲ್ಲ, ನೆಲದೊಳಗೆ ಊದಿಕೊಂಡ ಕಾಂಡ. ಅದರ ಕಣ್ಣುಗಳೆಂದರೆ ಮೊಗ್ಗುಗಳು. ಈ ಒಂದು ಸಂಗತಿಯನ್ನು ನೆನಪಿಟ್ಟರೆ ನೆಡುವ ವಿಧಾನಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ನೆಟ್ಟ ಗಡ್ಡೆಯಿಂದ ಕಾಂಡ ಮೇಲೇಳುತ್ತದೆ. ಆ ಕಾಂಡದ ನೆಲದೊಳಗಿನ ಗಿಣ್ಣುಗಳಿಂದ ದಾರದಂತಹ ಬಳ್ಳಿಗಳು ಅಡ್ಡಲಾಗಿ ಹೊರಟು, ಅವುಗಳ ತುದಿಯಲ್ಲಿ ಹೊಸ ಗಡ್ಡೆ ಕಟ್ಟುತ್ತದೆ. ಎಂದರೆ, ಮಕ್ಕಳು ಕೂರುವುದು ತಾಯಿಯ ಕೆಳಗಲ್ಲ, ಮೇಲೆ. ಆದ್ದರಿಂದ ಬುಡಕ್ಕೆ ಮಣ್ಣು ಏರಿಸಬೇಕು. ಏರಿಸದಿದ್ದರೆ ಗಡ್ಡೆಗೆ ಬಿಸಿಲು ತಾಗಿ ಹಸುರಾಗುತ್ತದೆ. ಹಸುರಾದ ಭಾಗದಲ್ಲಿ ಸೊಲನೈನ್ ಎಂಬ ವಿಷ ಸೇರಿರುತ್ತದೆ. ಅದು ತಿನ್ನಲು ಯೋಗ್ಯವಲ್ಲ.

ರಾತ್ರಿಯ ಉಷ್ಣಾಂಶ 20 ಡಿಗ್ರಿಯನ್ನು ಮೀರದಿದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ಸೆಕೆ ಹೆಚ್ಚಾದರೆ ಗಿಡ ಸೊಂಪಾಗಿ ಬೆಳೆದೂ ಬುಡದಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಬಯಲುಸೀಮೆಯವರು ಕಾರ್ತಿಕದ ಚಳಿ ಬೀಳುವ ಹೊತ್ತಿಗೆ ನೆಡುವುದು ಲೇಸು. ಕರಾವಳಿಯ ಮಿತ್ರರು ಕೆಸುವಿನಲ್ಲಿಯೇ ತೃಪ್ತಿಪಡಬೇಕಾದೀತು.

ನಾನು ನಿವೃತ್ತನಾದ ವರ್ಷವೇ ನನ್ನ ತಂದೆಯವರು ಹಳ್ಳಿಯನ್ನು ಬಿಟ್ಟು ನಮ್ಮಲ್ಲಿಗೆ ಬಂದರು. ಆಗ ಅವರಿಗೆ ಎಂಬತ್ತೈದು. ಮಾತು ಮೊದಲೇ ಕಡಿಮೆ. ಪೇಟೆಗೆ ಬಂದ ಮೇಲೆ ಅದೂ ನಿಂತಿತು. ಬೆಳಿಗ್ಗೆ ಎದ್ದು ಹಿತ್ತಿಲ ಕಟ್ಟೆಯ ಮೇಲೆ ಕುಳಿತರೆ ಊಟಕ್ಕೆ ಕರೆಯುವವರೆಗೆ ಅಲ್ಲಿಯೇ. ಖಾಲಿ ಹಿತ್ತಿಲನ್ನು ನೋಡುತ್ತ ಕುಳಿತವರ ಮುಂದೆ ಏನಾದರೂ ಬೆಳೆಯಬೇಕೆಂದು ನನ್ನ ಹೆಂಡತಿ ಹೇಳಿದಳು. 2018ರ ಮೇ ತಿಂಗಳಿನಲ್ಲಿ ನಾನು ಎರಡು ಕಿಲೋ ಕುಫ್ರಿ ಜ್ಯೋತಿ ಬಿತ್ತನೆ ತಂದೆ. ಅದು ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು 1968ರಲ್ಲಿ ಬಿಡುಗಡೆ ಮಾಡಿದ ತಳಿ. ನಮ್ಮ ಜಿಲ್ಲೆಗೆ ಬಹುಕಾಲದಿಂದ ಪರಿಚಿತ.

ತಂದ ಗಡ್ಡೆಯನ್ನು ಹತ್ತು ಹನ್ನೆರಡು ದಿನ ನೆರಳಿನ ಬೆಳಕಿನಲ್ಲಿ ಹರಡಿಡಬೇಕು. ಕತ್ತಲೆಯಲ್ಲಿಟ್ಟರೆ ಮೊಳಕೆ ಬಿಳಿಚಿ ಉದ್ದವಾಗುತ್ತದೆ, ಮುಟ್ಟಿದರೆ ಮುರಿಯುತ್ತದೆ. ಬೆಳಕಿನಲ್ಲಿ ಮೊಂಡಾಗಿ ಗಟ್ಟಿಯಾಗುತ್ತದೆ. ಅನಂತರ ನಾನು ಪುಸ್ತಕದಲ್ಲಿ ಓದಿದಂತೆ ಒಂದೊಂದು ತುಂಡಿಗೆ ಎರಡು ಮೂರು ಕಣ್ಣು ಬರುವ ಹಾಗೆ ಕೊಯ್ಯಲು ಕುಳಿತೆ. ಕಟ್ಟೆಯ ಮೇಲಿಂದ ತಿಂಗಳಿಗೊಂದು ಎನ್ನುವಂತೆ ಮಾತು ಬಂತು: "ಮಳೆಗಾಲದಾಗೆ ಗಡ್ಡೆ ಕುಯ್ದು ಮಣ್ಣಿಗೆ ಹಾಕ್ತಾರೇನಪ್ಪಾ ಮೇಷ್ಟ್ರೆ? ಗಾಯ ಮಾಯೋಕೆ ಬಿಡಬ್ಯಾಡವಾ?" ಕೋಳಿಮೊಟ್ಟೆಯ ಗಾತ್ರದ ಗಡ್ಡೆಯನ್ನು ಇಡಿಯಾಗಿ ನೆಡಬೇಕು, ದೊಡ್ಡದನ್ನು ಕೊಯ್ದರೆ ಕೊಯ್ದ ಮುಖಕ್ಕೆ ಬೂದಿ ಸವರಿ ಒಂದೆರಡು ದಿನ ಆರಲು ಬಿಡಬೇಕು, ಒಳಗೆ ಕಂದು ಉಂಗುರ ಕಂಡ ಗಡ್ಡೆಯನ್ನು ಕೊಯ್ದ ಕತ್ತಿಯನ್ನು ಸುಟ್ಟು ಒರೆಸದೆ ಇನ್ನೊಂದಕ್ಕೆ ಹಚ್ಚಬಾರದು. ಸೊರಗು ರೋಗ ಕತ್ತಿಯ ಅಲಗಿನ ಮೇಲೆ ಸವಾರಿ ಮಾಡುತ್ತದೆಯೆಂಬುದನ್ನು ಅವರು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ.

ಮೂರು ವಿಧದಲ್ಲಿ ನೆಟ್ಟೆ. ಹತ್ತು ಗಡ್ಡೆ ನಮ್ಮ ಕಡೆಯ ಸಾಲು ಪದ್ಧತಿಯಲ್ಲಿ: ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಮುಕ್ಕಾಲು ಅಡಿ, ಮೂರು ನಾಲ್ಕು ಅಂಗುಲ ಆಳ, ತಳದಲ್ಲಿ ಕಳಿತ ಕೊಟ್ಟಿಗೆ ಗೊಬ್ಬರ. ಗಿಡ ಗೇಣುದ್ದವಾದಾಗ ಒಮ್ಮೆ, ಮತ್ತೆ ಹದಿನೈದು ದಿನ ಬಿಟ್ಟು ಒಮ್ಮೆ ಬುಡಕ್ಕೆ ಮಣ್ಣು ಏರಿಸಿ ದಿಂಡು ಕಟ್ಟಬೇಕು. ಇನ್ನು ಹತ್ತನ್ನು ನೆಲ ಅಗೆಯದೆ, ಸಡಿಲ ಮಣ್ಣಿನ ಮೇಲೆ ಇಟ್ಟು ಒಂದಡಿ ದಪ್ಪ ಭತ್ತದ ಹುಲ್ಲು ಹೊದಿಸಿದೆ. ಅಮೆರಿಕದ ರೂತ್ ಸ್ಟೌಟ್ ಎಂಬಾಕೆ ವಯಸ್ಸಾದ ಮೇಲೆ ಗುದ್ದಲಿಯನ್ನೇ ಕೈಬಿಟ್ಟು, ಒಣಹುಲ್ಲಿನಡಿಯಲ್ಲಿ ತರಕಾರಿ ಬೆಳೆದು, 1955ರಲ್ಲಿ ಪುಸ್ತಕ ಬರೆದು ಈ ಕ್ರಮಕ್ಕೆ ಪ್ರಸಿದ್ಧಿ ತಂದಳು. ಅಪ್ಪನಿಗೆ ಪ್ರಸಿದ್ಧಿಯ ಹಂಗಿರಲಿಲ್ಲ. "ಹೊದಿಸಿ ಬೆಚ್ಚಗೆ ಮಲಗಿಸೋಕೆ ಅದೇನು ಬಾಣಂತಿನಾ?" ಎಂದರು. ಉಳಿದ ನಾಲ್ಕನ್ನು ಎರಡು ಗೋಣಿಚೀಲಗಳಲ್ಲಿ, ಬಾಯಿಯನ್ನು ಕೆಳಕ್ಕೆ ಮಡಿಸಿ, ಅರ್ಧ ಮಣ್ಣು ತುಂಬಿ ನೆಟ್ಟೆ. ಗಿಡ ಬೆಳೆದಂತೆ ಮಡಿಕೆ ಬಿಚ್ಚಿ ಮಣ್ಣು ಏರಿಸುತ್ತ ಹೋಗುವುದು. ರೋಹಿಣಿ ಮಳೆ ಹದವಾಗಿ ಬಿತ್ತು. ಮೂರು ವಾರದೊಳಗೆ ಎಲ್ಲವೂ ಹುಟ್ಟಿದುವು. ಅಪ್ಪ ಕಟ್ಟೆಯಿಂದ ಇಳಿದು ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳತೊಡಗಿದರು.

ಇಲ್ಲಿ ನನ್ನ ಪಾಠದ ಮಾತೊಂದನ್ನು ಹೇಳಬೇಕು. ಐರ್ಲೆಂಡಿನ ಬಡವರು ಆಲೂಗಡ್ಡೆಯನ್ನು ಹುಲ್ಲುನೆಲದ ಮೇಲಿಟ್ಟು, ಎರಡು ಪಕ್ಕದ ಹೆಂಟೆಯನ್ನು ಅದರ ಮೇಲೆ ಮಗುಚಿ ಏರುಪಾತಿ ಮಾಡುತ್ತಿದ್ದರು. ಅದಕ್ಕೆ ಬಿದ್ದ ಹೆಸರು ಸೋಮಾರಿ ಪಾತಿ. ಒಂದು ದಿನವೂ ಆ ಹೆಂಟೆ ಮಗುಚದವರು ಇಟ್ಟ ಹೆಸರಿರಬೇಕು. ಜೌಗು ನೆಲದಲ್ಲಿ ನೀರು ಬಸಿಯಲು ಅದಕ್ಕಿಂತ ಜಾಣ ಉಪಾಯ ಬೇರೊಂದಿಲ್ಲ. 1845ರಲ್ಲಿ ಆ ಪಾತಿಗಳಿಗೆ ಅಂಗಮಾರಿ ರೋಗ ಬಂತು. ಬೆಳೆದುದರಲ್ಲಿ ಬಹುಪಾಲು 'ಲಂಪರ್' ಎಂಬ ಒಂದೇ ತಳಿ. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂತು. ಮುಂದಿನ ಏಳೆಂಟು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಈ ಅಂಕಿಗಳನ್ನು ನಾನು ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ, ಬರೆದು ಅಳಿಸಿದ್ದೇನೆ. ಅದೇ ರೋಗ 1975ರಲ್ಲಿ, ನಾನು ಪಿಯುಸಿ ಓದುತ್ತಿದ್ದಾಗ, ನಮ್ಮ ಎರಡೆಕರೆ ಹೊಲವನ್ನು ಒಂದು ವಾರದಲ್ಲಿ ಸುಟ್ಟ ಹಾಗೆ ಮಾಡಿತ್ತು. ಬಿತ್ತನೆಯನ್ನು ಸಾಲವಾಗಿ ತಂದಿದ್ದರು. ಆ ವರ್ಷ ಎತ್ತಿನ ಜೋಡಿ ಹೋಯಿತು, ಮರುವರ್ಷ ಒಂದೆಕರೆ ಹೋಯಿತು. ನನ್ನ ಓದು ಮಾತ್ರ ನಿಲ್ಲಲಿಲ್ಲ. ಹೇಗೆ ನಿಲ್ಲಲಿಲ್ಲವೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಐರ್ಲೆಂಡಿನ ಪಾಠ ಮಾಡುವಾಗ ಒಮ್ಮೆಯಾದರೂ ಆ ಹೊಲ ನನ್ನ ಮನಸ್ಸಿಗೆ ಬರಲಿಲ್ಲವೆಂದರೆ ಶ್ರೋತೃಗಳು ನಂಬಲಿಕ್ಕಿಲ್ಲ. ಬರಲಿಲ್ಲ.

2018ರ ಆಗಸ್ಟಿನ ಮಳೆಯನ್ನು ಕೊಡಗಿನವರೂ ನಮ್ಮ ಸಕಲೇಶಪುರದವರೂ ಮರೆಯಲಾರರು. ಆಶ್ಲೇಷಾ ಮಳೆ ಹಗಲಿರುಳು ಹಿಡಿದುಕೊಂಡಿತು. ಗಿಡಕ್ಕೆ ಅರವತ್ತೈದು ದಿನವಾಗಿತ್ತು. ಒಂದು ಬೆಳಿಗ್ಗೆ ಅಪ್ಪ ಸಾಲಿನ ನಡುವೆ ನಿಂತು ಒಂದು ಎಲೆಯನ್ನು ಮಗುಚಿ ಹಿಡಿದಿದ್ದರು. ಮೇಲೆ ನೀರು ಸುರಿದಂತಹ ಕಪ್ಪು ಮಚ್ಚೆ. ಅಡಿಯಲ್ಲಿ ಮಚ್ಚೆಯ ಅಂಚಿಗೆ ಬಿಳಿಯ ಬೂಷ್ಟು. "ಬಂತು" ಎಂದರು. ನನಗೆ ಆ ವಾಸನೆ ಮೂಗಿಗೆ ಬಂದದ್ದೂ ಆಗಲೇ. ನಲವತ್ತಮೂರು ವರ್ಷ ಹಿಂದಿನ ವಾಸನೆ.

ನಾನು ಔಷಧಿಯ ಅಂಗಡಿಗೆ ಹೊರಟೆ. ಅವರು ತಡೆದು ಕುಡುಗೋಲು ಕೇಳಿದರು. ರೋಗ ಹತ್ತಿದ ಮೇಲೆ ಸೊಪ್ಪನ್ನು ನೆಲಮಟ್ಟಕ್ಕೆ ಕೊಯ್ದು ದೂರ ಸಾಗಿಸಿ ಹೂಳಬೇಕು. ಇಲ್ಲವಾದರೆ ಎಲೆಯ ಮೇಲಿನ ಬೀಜಕಣಗಳು ಮಳೆನೀರಿನೊಡನೆ ಇಳಿದು ಗಡ್ಡೆಯನ್ನು ಕೊಳೆಯಿಸುತ್ತವೆ. ಹನ್ನೆರಡು ಹದಿನಾಲ್ಕು ದಿನ ಹಾಗೆಯೇ ಬಿಟ್ಟರೆ ಸಿಪ್ಪೆ ಬಲಿಯುತ್ತದೆ, ಆಮೇಲೆ ಅಗೆಯಬಹುದು. ಇದೆಲ್ಲ ಈಗ ಕೃಷಿ ಇಲಾಖೆಯ ಕರಪತ್ರಗಳಲ್ಲಿಯೂ ಇದೆ. ಅವರು ಒಂದೊಂದೇ ಗಿಡವನ್ನು ಕೊಯ್ಯುತ್ತ ಹೋದರು. ಹಸುರಾಗಿದ್ದ ಗಿಡಗಳನ್ನೂ ಬಿಡಲಿಲ್ಲ.

"ಆವತ್ತೂ ಹಿಂಗೇ ಕುಯ್ದಿದ್ರೆ ಆಗ್ತಿತ್ತೇನಪ್ಪಾ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

ಬಹಳ ಹೊತ್ತಿನ ಮೇಲೆ ಹೇಳಿದರು: "ಸಣ್ಣವಾದ್ರೂ ಒಂದಿಪ್ಪತ್ತು ಮೂಟೆ ಉಳೀತಿತ್ತು. ಎಲ್ಲಾರೂ ಕುಯ್ಯಿ ಅಂದ್ರು. ಅರ್ಧ ಹೊಲ ಹಸುರಿತ್ತು ಕಣಪ್ಪ. ಕೈ ಬರಲಿಲ್ಲ."

ಆ ಸಂಜೆ ನಾನು ಅವರಿಗೆ ಐರ್ಲೆಂಡಿನ ಕಥೆ ಹೇಳಿದೆ. ಮೂವತ್ತೈದು ವರ್ಷ ಹೇಳಿದ ಪಾಠವನ್ನು ಮೊದಲ ಬಾರಿಗೆ ವಿಷಯ ಬಲ್ಲವರೊಬ್ಬರ ಮುಂದೆ ಹೇಳಿದಂತಾಯಿತು. ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಅವರೂ ಬಿತ್ತನೆ ಸಾಲಕ್ಕೆ ತಂದಿದ್ರಾ?" ಬಿತ್ತನೆ ಮನೆಯದೇ, ಆದರೆ ನೆಲಕ್ಕೆ ಒಡೆಯರಿಗೆ ಗೇಣಿ ಕೊಡಬೇಕಿತ್ತು ಎಂದೆ. "ಹಂಗಾದ್ರೆ ಒಂದೇ" ಎಂದರು.

ಎರಡು ವಾರದ ಮೇಲೆ ಅಗೆದೆವು. ಸಾಲಿನ ಹತ್ತು ಗಿಡಗಳಿಂದ ಎರಡೂಕಾಲು ಕಿಲೋ. ಏರಿಸಿದ ಮಣ್ಣು ರೋಗವನ್ನು ಒಳಗೆ ಬಿಟ್ಟಿರಲಿಲ್ಲ, ಕೊಳೆತದ್ದು ಎರಡೇ. ಹುಲ್ಲಿನಡಿಯ ಗಡ್ಡೆಯನ್ನು ಅಗೆಯುವ ಶ್ರಮವೇ ಇಲ್ಲ. ಹುಲ್ಲು ಸರಿಸಿದರೆ ತೊಳೆದಿಟ್ಟಂತೆ ಕುಳಿತಿದ್ದುವು. ನೋಡಿ ಬಹಳ ಸಂತೋಷವಾಯಿತು. ತೂಗಿದಾಗ ಒಂದೂವರೆ ಕಿಲೋ. ಅದರಲ್ಲಿ ಏಳೆಂಟು ಕೊಳೆತವು, ನಾಲ್ಕು ಹಸುರಾದವು, ಮೂರು ಇಲಿ ಕಡಿದವು. ಬೆಚ್ಚಗಿನ ಹಾಸಿಗೆ ಇಲಿಗೂ ಬೇಕಲ್ಲವೆ? ಚೀಲದ ನಾಲ್ಕು ಗಿಡಗಳಿಂದ ಅರ್ಧ ಕಿಲೋ. ಮನೆಯ ಹಿಂದೆ ನೆಲವೇ ಇಲ್ಲದವರಿಗೆ, ಮಹಡಿಯ ಮೇಲೆ, ಚೀಲ ಆದೀತು. ತಳದಲ್ಲಿ ನೀರು ಹೋಗಲು ದಾರಿಯಿರಬೇಕು, ಬಿಸಿಲಿದ್ದರೆ ದಿನವೂ ನೀರು ಹನಿಸಬೇಕು. ನೆಲವಿರುವವರು ಚೀಲದ ಆಸೆಗೆ ಬೀಳಬೇಕಾಗಿಲ್ಲ.

ಮರುವರ್ಷ ಇನ್ನೊಂದು ಹುಚ್ಚು ಹಿಡಿಯಿತು. ತಳ ತೂತು ಮಾಡಿದ ಎತ್ತರದ ಡ್ರಮ್ಮಿನಲ್ಲಿ ನೆಟ್ಟು ಗಿಡ ಬೆಳೆದಂತೆ ಮಣ್ಣು ತುಂಬುತ್ತ ಹೋದರೆ ಅಂತಸ್ತು ಅಂತಸ್ತಾಗಿ ಗಡ್ಡೆ ಕಟ್ಟುತ್ತದೆಂದು ಯಾರೋ ಹೇಳಿದರು. ಮೂರಡಿ ಡ್ರಮ್ಮು ತುಂಬಿದೆ. ಕೊನೆಗೆ ಮಗುಚಿ ನೋಡಿದರೆ ಎರಡೂವರೆ ಅಡಿ ಬರಿಯ ಮಣ್ಣು. ಇದ್ದ ಹತ್ತೆಂಟು ಗಡ್ಡೆ ತಳದಲ್ಲಿಯೇ. ಬೇಗ ಬಲಿಯುವ ತಳಿಗಳು ಮೊದಲ ಕೆಲವು ವಾರಗಳಲ್ಲಿ ಕೆಳಗಿನ ಗಿಣ್ಣುಗಳಿಂದ ಬಳ್ಳಿ ಬಿಟ್ಟು ಕೆಲಸ ಮುಗಿಸುತ್ತವೆ; ಆಮೇಲೆ ಹೂತ ಕಾಂಡ ಸುಮ್ಮನೆ ಹೂತುಕೊಂಡಿರುತ್ತದೆ. ಅಪ್ಪ ಆ ಮಣ್ಣನ್ನು ಬಸಳೆಯ ಪಾತಿಗೆ ಹಾಕಿಸಿದರು.

ಮರುವರ್ಷದಿಂದ ಮೋಡ ಕವಿಯುವ ಮುಂಚೆಯೇ ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಮಾಡಿಕೊಂಡೆವು. ಅಡಿಕೆ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಲೆಸ್ಲಿ ಕೋಲ್ಮನ್ನರು ಮೈಸೂರು ಸಂಸ್ಥಾನದಲ್ಲಿ ಕೊಳೆರೋಗಕ್ಕೆ ಇದನ್ನೇ ಹೊಡೆಸಿದರು. ಅಡಿಕೆಯ ಕೊಳೆ, ಆಲೂಗಡ್ಡೆಯ ಅಂಗಮಾರಿ ಎರಡೂ ಒಂದೇ ವಂಶದ ದಾಯಾದಿಗಳು. ಮನೆಯ ಮಟ್ಟಿಗೆ ಒಂದು ಲೀಟರು ನೀರಿಗೆ ಹತ್ತು ಗ್ರಾಂ ಮೈಲುತುತ್ತ, ಹತ್ತು ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಅರ್ಧರ್ಧ ಲೀಟರಿಗೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ತಿಳಿಗೆ ಹೊಯ್ಯಬೇಕು. ಎಲೆಯ ಅಡಿಮೈಗೂ ತಾಗುವಂತೆ ಸಿಂಪಡಿಸಬೇಕು. ರೋಗ ಬಂದ ಮೇಲೆ ಇದು ವ್ಯರ್ಥ.

ಮೊದಲ ವರ್ಷ ಅಗೆದ ದಿನ ನನ್ನ ಹೆಂಡತಿ ಅಷ್ಟನ್ನೂ ಹುಳಿಗೂ ಪಲ್ಯಕ್ಕೂ ಹಾಕಿದಳು. ಒಂದಿಷ್ಟನ್ನು ಬಿತ್ತನೆಗೆ ಇಡೋಣವೆ ಎಂದು ನಾನು ಕೇಳಿದ್ದಕ್ಕೆ, ರೋಗ ಬಂದ ಪಾತಿಯ ಗಡ್ಡೆಯನ್ನು ಬಿತ್ತನೆಗೆ ಇಡಬಾರದು, ಎಲ್ಲವನ್ನೂ ತಿಂದುಬಿಡಿ ಎಂದರು ಅಪ್ಪ. ತಾವು ಮತ್ತೊಮ್ಮೆ ಬಡಿಸಿಕೊಂಡರು. ಅದೇ ಪಾತಿಯಲ್ಲಿ ಮರುವರ್ಷ ಆಲೂಗಡ್ಡೆಯನ್ನಾಗಲಿ, ಅದರ ನೆಂಟರಾದ ಬದನೆ ಟೊಮೇಟೊಗಳನ್ನಾಗಲಿ ಹಾಕಬಾರದೆಂದು ಹೇಳಿ ಅವರೇ ಹುರುಳಿ ಚೆಲ್ಲಿದರು.

ಅವರು 2021ರಲ್ಲಿ ತೀರಿಕೊಂಡರು. ಅವರ ವರ್ಷಾಬ್ದಿಕದ ಅಡುಗೆಗೆ ಆಲೂಗಡ್ಡೆ ಆಗದೆಂದು ಹಿರಿಯರೊಬ್ಬರು ಹೇಳಿದಾಗ ನನ್ನ ಹೆಂಡತಿ ಒಪ್ಪಲಿಲ್ಲ. ಸಾಲಿನದೇ ಗಡ್ಡೆ ಬೇಯಿಸಿ ಎಡೆಗೆ ಇಟ್ಟಳು. ಈ ಸಲ ನಾನು ಇಪ್ಪತ್ತು ಗಡ್ಡೆ ತಂದು ಜಗಲಿಯ ಮೂಲೆಯಲ್ಲಿ ಹರಡಿದ್ದೇನೆ. ಹದಿನಾಲ್ಕು ಸಾಲಿಗೆ, ಆರು ಹುಲ್ಲಿನಡಿಗೆ. ಕುಡುಗೋಲನ್ನು ಈಗಲೇ ಮಸೆಸಿ ಇಟ್ಟುಕೊಂಡಿದ್ದೇನೆ.