ಸದನದ ಶಿಸ್ತು ಮತ್ತು ಪಕ್ಷದ ತಕ್ಕಡಿ

(ತುಮಕೂರಿನಲ್ಲಿ, ಗುಬ್ಬಿ ಮತ್ತು ಕುಣಿಗಲ್‌ನ ಕುಟುಂಬಗಳೂ ಪಾಲ್ಗೊಂಡಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಮತ ನೀಡಿ ಕಳುಹಿಸಿದ ಪ್ರತಿನಿಧಿ ತನ್ನ ಸಹೋದ್ಯೋಗಿಯ ಮೇಲೆ ಕೈ ಮಾಡಿದರೆ, ಪೀಠದ ಮೇಲೇರಿ ಕಾಗದ ಎಸೆದರೆ, ಅವನನ್ನು ಶಿಸ್ತಿಗೆ ಒಳಪಡಿಸಬೇಕಾದವರು ಯಾರು? ಸದನವೇ, ಪಕ್ಷವೇ, ನ್ಯಾಯಾಲಯವೇ ಅಥವಾ ನಾವೇ? ಇದು ವಿಧಾನಸೌಧದ ವಿಷಯ, ನಮಗೇಕೆ ಎಂದು ಹಲವರು ಭಾವಿಸುವುದುಂಟು. ಆದರೆ ಈ ಪ್ರಶ್ನೆ ನಮ್ಮ ಜಿಲ್ಲೆಯ ಹೊಸ್ತಿಲಿಗೇ ಬಂದು ನಿಂತಿದೆ.

2025ರ ಮಾರ್ಚ್ 20ರಂದು, ಆಗ ಸಹಕಾರ ಸಚಿವರಾಗಿದ್ದ ಮಧುಗಿರಿಯ ಕೆ.ಎನ್. ರಾಜಣ್ಣ ಅವರು ತಮ್ಮನ್ನು ಹನಿಟ್ರ್ಯಾಪ್‌ಗೆ ಸಿಲುಕಿಸುವ ಯತ್ನ ನಡೆದಿದೆಯೆಂದು ವಿಧಾನಸಭೆಯಲ್ಲಿ ಹೇಳಿದರು. ಮರುದಿನ ವಿರೋಧ ಪಕ್ಷದ ಸದಸ್ಯರು ತನಿಖೆಗೆ ಒತ್ತಾಯಿಸಿ ಸಭಾಧ್ಯಕ್ಷ ಯು.ಟಿ. ಖಾದರ್ ಅವರ ಪೀಠದ ಮೇಲೇರಿದರು, ಕಾಗದಗಳನ್ನು ಹರಿದು ಎಸೆದರು. ಬಿಜೆಪಿಯ 18 ಶಾಸಕರು ಆರು ತಿಂಗಳ ಕಾಲ ಅಮಾನತಾದರು. ಅವರಲ್ಲಿ ತುಮಕೂರು ಗ್ರಾಮಾಂತರದ ಬಿ. ಸುರೇಶ್‌ಗೌಡರೂ ಒಬ್ಬರು. ಹೀಗೆ ಗದ್ದಲಕ್ಕೆ ನೆಪವಾದ ಮಾತೂ ನಮ್ಮ ಜಿಲ್ಲೆಯದು, ಶಿಕ್ಷೆಗೆ ಒಳಗಾದವರಲ್ಲಿ ಒಬ್ಬರೂ ನಮ್ಮ ಜಿಲ್ಲೆಯವರು.

ಅದೇ ದಿನ, ಅದೇ ಗದ್ದಲದ ನಡುವೆ, ಸಾರ್ವಜನಿಕ ಗುತ್ತಿಗೆಗಳಲ್ಲಿ ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಶೇ. 4ರ ಮೀಸಲಾತಿ ನೀಡುವ ಮಸೂದೆ ಅಂಗೀಕಾರವಾಯಿತು. ಮಸೂದೆ ಅಂಗೀಕಾರವಾಯಿತಲ್ಲ, ಇನ್ನೇನು ಬೇಕು ಎಂದು ನಮ್ಮಲ್ಲಿ ಕೆಲವರು ಸಮಾಧಾನಪಟ್ಟರು. ಆದರೆ ನಾವು ಕಳೆದುಕೊಂಡದ್ದು ಸಣ್ಣದಲ್ಲ. ಈ ಮೀಸಲಾತಿ ಏಕೆ ಬೇಕು, ಹಿಂದುಳಿದಿರುವಿಕೆಗೆ ಆಧಾರವೇನು ಎಂಬುದನ್ನು ಸರಕಾರ ಪ್ರಶ್ನೆಗಳನ್ನು ಎದುರಿಸಿ ಸಮರ್ಥಿಸಬೇಕಾಗಿತ್ತು. ಆ ಸಮರ್ಥನೆ ಕಡತದಲ್ಲಿ ದಾಖಲಾಗಬೇಕಾಗಿತ್ತು. ಮುಂದಿನ ತಿಂಗಳು ರಾಜ್ಯಪಾಲರು ಆ ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದಾಗ, ಅಂತಹ ಸಮಗ್ರ ಚರ್ಚೆಯ ಬಲ ಅದಕ್ಕಿರಲಿಲ್ಲ. ಸದನದಲ್ಲಿ ತೋಳ್ಬಲ ಮೆರೆದಾಗ ಮೊದಲು ಸೋಲುವವರು ಮಾತಿನ ಹೊರತು ಬೇರೆ ಬಲವಿಲ್ಲದ ದುರ್ಬಲರು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಆರು ತಿಂಗಳ ಅಮಾನತು ಸರಿಯಾಗಿತ್ತೇ? ಈ ಪ್ರಶ್ನೆಗೆ ನಾವು ಪಕ್ಷ ನೋಡಿ ಉತ್ತರಿಸಬಾರದು. 2021ರಲ್ಲಿ ಮಹಾರಾಷ್ಟ್ರ ವಿಧಾನಸಭೆಯು 12 ಬಿಜೆಪಿ ಶಾಸಕರನ್ನು ಒಂದು ವರ್ಷ ಅಮಾನತುಗೊಳಿಸಿತ್ತು. 2022ರ ಜನವರಿ 28ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿ, ಆ ಅಧಿವೇಶನದ ಅವಧಿಯನ್ನು ಮೀರಿದ ಅಮಾನತು ಸಂವಿಧಾನಬಾಹಿರವೆಂದು ಹೇಳಿತು. ಕಾರಣ ಸ್ಪಷ್ಟ. ಸದಸ್ಯನನ್ನು ಉಚ್ಚಾಟಿಸಿದರೆ ಉಪಚುನಾವಣೆ ನಡೆದು ಕ್ಷೇತ್ರಕ್ಕೆ ಹೊಸ ಪ್ರತಿನಿಧಿ ದೊರೆಯುತ್ತಾನೆ. ದೀರ್ಘ ಅಮಾನತಿನಲ್ಲಾದರೋ ಸ್ಥಾನವೂ ತೆರವಾಗದು, ಕ್ಷೇತ್ರಕ್ಕೆ ದನಿಯೂ ಇರದು. ಶಿಕ್ಷೆ ಶಾಸಕನಿಗಿಂತ ಮತದಾರನಿಗೇ ಆಗುತ್ತದೆ. ಬಹುಮತವುಳ್ಳವರು ಈ ಅಸ್ತ್ರದಿಂದ ವಿರೋಧ ಪಕ್ಷವನ್ನು ಬರಿದು ಮಾಡುವ ಅಪಾಯವೂ ಇದೆ. ಇಂದು ಅವರಿಗಾದದ್ದು ನಾಳೆ ಇವರಿಗೂ ಆಗಬಹುದು.

ನಮ್ಮಲ್ಲಿ ಮೇ 25ರಂದು ಮಾತುಕತೆಯ ಬಳಿಕ ಅಮಾನತನ್ನು ಹಿಂಪಡೆಯಲಾಯಿತು. ಕ್ಷೇತ್ರಗಳಿಗೆ ದನಿ ಮರಳಿದ್ದು ಒಳಿತೇ. ಆದರೆ ಮೊದಲು ಅತಿಯಾಗಿ ವಿಧಿಸಿ ಅನಂತರ ರಾಜಿಯಲ್ಲಿ ಬಿಟ್ಟುಕೊಡುವ ಶಿಕ್ಷೆ ಶಿಸ್ತನ್ನು ಕಲಿಸುವುದಿಲ್ಲ. 2023ರ ಜುಲೈನಲ್ಲಿ ಉಪಸಭಾಧ್ಯಕ್ಷ ರುದ್ರಪ್ಪ ಲಮಾಣಿ ಅವರತ್ತ ಕಾಗದ ಎಸೆದುದಕ್ಕಾಗಿ ಹತ್ತು ಶಾಸಕರನ್ನು ಆ ಅಧಿವೇಶನದ ಮಟ್ಟಿಗೆ ಅಮಾನತುಗೊಳಿಸಲಾಗಿತ್ತು. ಅವಧಿಯ ದೃಷ್ಟಿಯಿಂದ ಅದೇ ನ್ಯಾಯಸಮ್ಮತ. ಶಿಕ್ಷೆ ಚಿಕ್ಕದಿರಲಿ, ಆದರೆ ಖಚಿತವಾಗಿರಲಿ, ಎಲ್ಲ ಪಕ್ಷಗಳಿಗೂ ಒಂದೇ ಆಗಿರಲಿ.

ಇಲ್ಲಿ ಒಂದೇ ಪಕ್ಷವನ್ನು ದೂಷಿಸುವಂತಿಲ್ಲ. 2020ರ ಡಿಸೆಂಬರ್ 15ರಂದು ವಿಧಾನ ಪರಿಷತ್ತಿನಲ್ಲಿ ಸಭಾಪತಿಗಳ ಪ್ರವೇಶಕ್ಕೆ ಒಂದು ಬದಿಯವರು ಅಡ್ಡಿಯಾದರು. ಪೀಠದಲ್ಲಿ ಕುಳಿತಿದ್ದ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಇನ್ನೊಂದು ಬದಿಯವರು, ಕಾಂಗ್ರೆಸ್ಸಿನ ಸದಸ್ಯರು, ಎಳೆದು ಇಳಿಸಿದರು. ಅದೇ ತಿಂಗಳ ಕೊನೆಯಲ್ಲಿ ಅವರ ಬದುಕು ದುರಂತದಲ್ಲಿ ಮುಗಿಯಿತು. ಎರಡಕ್ಕೂ ಸಂಬಂಧ ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಹಿರಿಯರ ಸದನವೆಂಬ ಹೆಸರಿಗೆ ಅಂದು ಬಂದ ಕಳಂಕವನ್ನು ನೆನಪಿಸುವುದಷ್ಟೇ.

ಇನ್ನು ಪಕ್ಷಗಳ ಶಿಸ್ತನ್ನು ನೋಡೋಣ. 2022ರ ಜೂನ್‌ನಲ್ಲಿ ರಾಜ್ಯಸಭಾ ಚುನಾವಣೆಯಲ್ಲಿ ಪಕ್ಷದ ಸೂಚನೆಯಂತೆ ಮತ ಹಾಕಲಿಲ್ಲವೆಂಬ ಆರೋಪದ ಮೇಲೆ ಗುಬ್ಬಿಯ ಶಾಸಕ ಎಸ್.ಆರ್. ಶ್ರೀನಿವಾಸ್ ಅವರನ್ನು ಜಾತ್ಯತೀತ ಜನತಾದಳ ಎರಡು ವಾರಗಳೊಳಗೆ ಉಚ್ಚಾಟಿಸಿತು. 2025ರ ಆಗಸ್ಟ್‌ನಲ್ಲಿ ಮತದಾರರ ಪಟ್ಟಿಯ ಕುರಿತು ಕಾಂಗ್ರೆಸ್ಸಿಗೆ ಮುಜುಗರ ತಂದ ಮಾತಿನ ಬೆನ್ನಿಗೇ ರಾಜಣ್ಣ ಅವರು ಸಚಿವ ಸ್ಥಾನ ಕಳೆದುಕೊಂಡರು.

ಈಗ ಇನ್ನೊಂದು ತಟ್ಟೆಯನ್ನು ನೋಡಿ. 2019ರ ಜನವರಿಯಲ್ಲಿ ಬಿಡದಿಯ ರೆಸಾರ್ಟಿನಲ್ಲಿ ಕಂಪ್ಲಿಯ ಶಾಸಕ ಜೆ.ಎನ್. ಗಣೇಶ್ ತಮ್ಮದೇ ಪಕ್ಷದ ಶಾಸಕ ಆನಂದ್ ಸಿಂಗ್ ಅವರ ಮೇಲೆ ಹಲ್ಲೆ ನಡೆಸಿದರೆಂಬ ಆರೋಪ ಬಂತು. ಆನಂದ್ ಸಿಂಗ್ ಆಸ್ಪತ್ರೆ ಸೇರಿದರು. ಕಾಂಗ್ರೆಸ್ ಗಣೇಶ್‌ರನ್ನು ಅಮಾನತುಗೊಳಿಸಿತು, ಕೊರಟಗೆರೆಯ ಜಿ. ಪರಮೇಶ್ವರ ಅವರ ನೇತೃತ್ವದಲ್ಲಿ ಸಮಿತಿಯನ್ನೂ ರಚಿಸಿತು. ಸುಮಾರು ಒಂದು ತಿಂಗಳ ಬಳಿಕ ಪೊಲೀಸರು ಅವರನ್ನು ಗುಜರಾತಿನಲ್ಲಿ ಬಂಧಿಸಿದರು. ಆರೋಪದ ಸತ್ಯಾಸತ್ಯತೆ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ 2023ರಲ್ಲಿ ಅದೇ ಪಕ್ಷ ಅದೇ ಕ್ಷೇತ್ರದಲ್ಲಿ ಅವರಿಗೇ ಟಿಕೆಟ್ ನೀಡಿತು, ಅವರು ಗೆದ್ದೂ ಬಂದರು. ಹೈಕಮಾಂಡ್‌ಗೆ ಎದುರಾಡಿದರೆ ತಕ್ಕಡಿ ನೆಲ ಮುಟ್ಟುತ್ತದೆ, ಸಹೋದ್ಯೋಗಿಯ ಮೇಲೆ ಕೈ ಮಾಡಿದ ಆರೋಪಕ್ಕೆ ಅದು ಅಲುಗಾಡಿ ಸುಮ್ಮನಾಗುತ್ತದೆ. ಇದು ಶಿಸ್ತೋ, ಕೇವಲ ವಿಧೇಯತೆಯ ಕಾವಲೋ?

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 2015ರ ಮಾರ್ಚ್‌ನಲ್ಲಿ ಕೇರಳ ವಿಧಾನಸಭೆಯಲ್ಲಿ ಪೀಠೋಪಕರಣಗಳನ್ನು ಧ್ವಂಸಗೊಳಿಸಿದ ಪ್ರಕರಣವನ್ನು ಅಲ್ಲಿನ ಸರಕಾರ ಹಿಂಪಡೆಯಲು ಹೊರಟಾಗ, 2021ರ ಜುಲೈನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಶಾಸಕರ ವಿಶೇಷ ಹಕ್ಕು ನಿರ್ಭೀತವಾಗಿ ಮಾತನಾಡುವುದಕ್ಕೆ ಇರುವಂಥದ್ದು, ಅಪರಾಧಕ್ಕೆ ರಕ್ಷಾಕವಚವಲ್ಲ ಎಂಬುದು ಆ ತೀರ್ಪಿನ ಸಾರ. ಆದ್ದರಿಂದ ಘೋಷಣೆ ಕೂಗಿದವರನ್ನೂ ಧರಣಿ ಕುಳಿತವರನ್ನೂ ಹಲ್ಲೆಕೋರರ ಸಾಲಿನಲ್ಲಿ ನಿಲ್ಲಿಸಕೂಡದು. ಪ್ರತಿಭಟನೆ ಹಕ್ಕು. ಮೈಮೇಲೆ ಕೈ ಹಾಕುವುದು, ಬೆದರಿಸುವುದು ಅಪರಾಧ. ಮೊದಲನೆಯದನ್ನು ಸದನ ಸಹಿಸಲಿ, ಎರಡನೆಯದು ನೇರವಾಗಿ ಪೊಲೀಸರಿಗೂ ನ್ಯಾಯಾಲಯಕ್ಕೂ ಹೋಗಲಿ.

ಕೊನೆಯದಾಗಿ ನಮ್ಮ ಪಾಲಿನ ಕೆಲಸ. ಮತ ಕೇಳಲು ಬಂದವರನ್ನು ರಸ್ತೆ, ನೀರು, ಶಾದಿಮಹಲ್‌ಗಳ ಬಗ್ಗೆ ಕೇಳುತ್ತೇವೆ. ಸದನದಲ್ಲಿ ಎಷ್ಟು ದಿನ ಕುಳಿತಿರಿ, ಏನು ಮಾತನಾಡಿದಿರಿ, ಯಾರ ಮೇಲಾದರೂ ಕೈ ಎತ್ತಿದ್ದೀರಾ ಎಂದೂ ಕೇಳೋಣ. "ನಮ್ಮವರು ಗಟ್ಟಿಗರು, ಎದುರಾಳಿಗೆ ಬುದ್ಧಿ ಕಲಿಸಿದರು" ಎಂದು ಹೆಮ್ಮೆಪಡುವ ಚಾಳಿಯನ್ನು ಮೊದಲು ಮನೆಯೊಳಗೆ ನಿಲ್ಲಿಸೋಣ. ತುಮಕೂರಿನ ಮಹಾನಗರ ಪಾಲಿಕೆಯಿರಲಿ, ಕುಣಿಗಲ್‌ನ ಪುರಸಭೆಯಿರಲಿ, ಗುಬ್ಬಿಯ ಪಟ್ಟಣ ಪಂಚಾಯಿತಿಯಿರಲಿ, ನಮ್ಮ ಮೊಹಲ್ಲಾದ ಜಮಾಅತ್ ಸಭೆಯೇ ಇರಲಿ, ದನಿ ಏರಿಸಿದವನಿಗೆ ಮಣಿದು ವಾದ ಮಂಡಿಸಿದವನನ್ನು ಕಡೆಗಣಿಸುವಲ್ಲೇ ಈ ರೋಗದ ಬೇರಿದೆ. ಶಾಸಕರು ಆಕಾಶದಿಂದ ಇಳಿದವರಲ್ಲ, ನಮ್ಮ ಸಭೆಗಳಲ್ಲಿಯೇ ಬೆಳೆದವರು. ಇಲ್ಲಿ ಮಾತಿಗೆ ಬೆಲೆ ಬಂದರೆ ಅಲ್ಲಿಯೂ ಬಂದೀತು.